ಗುಂಡು ಹಾರಿಸದ ಕಾವಲುಗಾರ

ಆಟದ ಪೊಟ್ಟಣ ಬಂದದ್ದು ಶುಕ್ರವಾರ ಮಧ್ಯಾಹ್ನ, ಅವಳು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜುತ್ತಿದ್ದಾಗ. ಕೊರಿಯರಿನವನು ಓದಿದ ಹೆಸರು ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ.

"ಕನ್ನಡಕದಕ್ಕ ಅನ್ನೋರು ಇಲ್ಲಿ ಯಾರೂ ಇಲ್ಲಪ್ಪ. ಕನ್ನಡಕ ಇದೆ, ಬೇಕಾದ್ರೆ ತಗೊಂಡು ಹೋಗು" ಎಂದು ಅವನನ್ನು ಕಳಿಸುವುದರಲ್ಲಿದ್ದರು. ಅವಳು ಒದ್ದೆ ಕೈಯಲ್ಲೇ ಓಡಿಬಂದಳು.

"ನಾನೇ ಸರ್. ನಂದೇ ಅದು."

ಮಾಲೀಕರು ತಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳನ್ನು ನೋಡಿದರು. "ಹದಿನಾರು ವರ್ಷದಿಂದ ಇಲ್ಲೇ ಇದೀಯ. ಇನ್ನೊಂದು ಹೆಸರಿದೆ ಅಂತ ಇವತ್ತು ಗೊತ್ತಾಯ್ತು ನೋಡು."

ಆ ಹೆಸರು ಬಂದದ್ದು ಒಂದು ಸಿನಿಮಾದಿಂದ. ಇಪ್ಪತ್ತಾರು ವರ್ಷ ಹಳೆಯ ಹೊಡೆದಾಟದ ಸಿನಿಮಾ ಅದು, 'ಮೂರನೇ ಸೈರನ್' ಅಂತ. ಸಂಬಳದ ದಿನ ಒಂದು ಕಾರ್ಖಾನೆಗೆ ದರೋಡೆಕೋರರು ನುಗ್ಗಿ ಬೆಂಕಿ ಹಚ್ಚುತ್ತಾರೆ. ಮೂರನೇ ಸಲ ಸೈರನ್ ಕೂಗಿದರೆ ಹೊರಬಾಗಿಲುಗಳೆಲ್ಲ ತಾವಾಗಿ ಮುಚ್ಚಿಕೊಳ್ಳುತ್ತವೆ. ಅಷ್ಟರೊಳಗೆ, ಕನ್ನಡಕ ಹಾಕಿಕೊಂಡ ನಡುವಯಸ್ಸಿನ ಕಾವಲುಗಾರನೊಬ್ಬ ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ತರುತ್ತಾನೆ. ಒಂದು ದೃಶ್ಯದಲ್ಲಿ ಅವನ ಕನ್ನಡಕದ ಎಡಗಾಜು ಒಡೆದಿರುತ್ತದೆ, ಮುಂದಿನ ದೃಶ್ಯದಲ್ಲಿ ಬಲಗಾಜು. ಇದನ್ನು ಮೊದಲು ಕಂಡುಹಿಡಿದು ಅಂತರ್ಜಾಲದ ಅಭಿಮಾನಿಗಳ ಗುಂಪಿನಲ್ಲಿ ಬರೆದವಳು ಅವಳು. ಅವತ್ತಿನಿಂದ ಆ ಅರವತ್ತು ಸಾವಿರ ಜನರಿಗೆ ಅವಳು ಕನ್ನಡಕದಕ್ಕ. ಸಿನಿಮಾದ ಹೊಸ ಪ್ರತಿ ಬರಲಿ, ಫೋಟೋಗಳ ಪುಸ್ತಕ ಬರಲಿ, ಅಂಗಿಯ ಮೇಲೆ ಅಚ್ಚು ಹಾಕಿದ ಚಿತ್ರವೇ ಬರಲಿ, "ಅಕ್ಕ ಏನಂದ್ಲು?" ಎಂದು ಕೇಳಿಯೇ ಅವರು ಕೈಹಾಕುತ್ತಿದ್ದರು.

ಈಗ ಆ ಸಿನಿಮಾ ವಿಡಿಯೊ ಗೇಮ್ ಆಗಿತ್ತು. ಮುಂದಿನ ಶುಕ್ರವಾರ ಎಲ್ಲರ ಕೈಗೆ ಬರುವುದಿತ್ತು. ಕಂಪನಿಯವರು ಒಂದು ವಾರ ಮೊದಲೇ ಅವಳಿಗೊಂದು ಪ್ರತಿ ಕಳಿಸಿದ್ದರು. ಜೊತೆಗಿದ್ದ ಕಾಗದದಲ್ಲಿ ಒಂದೇ ಷರತ್ತು: ಗುರುವಾರ ಸಂಜೆ ನಾಲ್ಕಕ್ಕೆ ಮೊದಲು ಏನನ್ನೂ ಬರೆಯುವಂತಿಲ್ಲ.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಕಂಪನಿಯಲ್ಲಿ ಮೂರು ವರ್ಷದಿಂದ ಇದೇ ಆಟ ಕಟ್ಟುತ್ತಿದ್ದವರಲ್ಲಿ ಒಬ್ಬ ಅವಳ ಸ್ವಂತ ತಮ್ಮ.

ಅವಳು ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿ, ಮೇಲೆ ಊಟದ ಡಬ್ಬಿ ಇಟ್ಟಳು. ಏನೋ ಕದ್ದು ತರುವವಳ ಹಾಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದಳು.

*

ಮನೆಯಲ್ಲಿ ಅವಳು ಮತ್ತು ಅಮ್ಮ, ಇಬ್ಬರೇ. ತಮ್ಮ ಎರಡು ಗಂಟೆ ರೈಲು ದಾರಿಯ ಇನ್ನೊಂದು ಊರಿನಲ್ಲಿದ್ದ. ಚಿಕ್ಕವರಿದ್ದಾಗ ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮಾಡುತ್ತಿದ್ದರು. ಹೊರಗಿನಿಂದ ಬೀಗ ಹಾಕಿ, "ಒಲೆ ಮುಟ್ಬೇಡಿ, ಜಗಳ ಆಡ್ಬೇಡಿ, ಟೀವಿ ನೋಡ್ಕೊಂಡಿರಿ" ಎಂದು ಹೋಗುತ್ತಿದ್ದರು. ಮನೆಯಲ್ಲಿದ್ದದ್ದು ಒಂದೇ ಕ್ಯಾಸೆಟ್ಟು. ಅವಳಿಗೆ ಹದಿಮೂರು, ತಮ್ಮನಿಗೆ ಏಳು. 'ಮೂರನೇ ಸೈರನ್' ಅನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ.

ಅದರಲ್ಲಿ ಬಾಯ್ಲರ್ ಕೋಣೆಯ ದೃಶ್ಯವೊಂದಿದೆ. ಕಾವಲುಗಾರನ ಪಿಸ್ತೂಲಿನಲ್ಲಿ ಒಂದೇ ಗುಂಡು. ಮುಚ್ಚಿದ ಕಬ್ಬಿಣದ ಬಾಗಿಲಿನಾಚೆ ಯಾರದೋ ಉಸಿರು ಕೇಳುತ್ತಿರುತ್ತದೆ. ಕಳ್ಳನೋ ಕೆಲಸಗಾರನೋ ತಿಳಿಯದು. ಅವನು ಬಾಗಿಲಿಗೆ ಗುರಿಯಿಟ್ಟು ನಿಲ್ಲುತ್ತಾನೆ. ನಾಲ್ಕು ನಿಮಿಷ ಮಾತಿಲ್ಲ, ಸಂಗೀತವಿಲ್ಲ. ಕೊನೆಗೆ ಪಿಸ್ತೂಲನ್ನು ನೆಲದ ಮೇಲಿಟ್ಟು ಬರಿಗೈಯಲ್ಲಿ ಬಾಗಿಲು ತೆಗೆಯುತ್ತಾನೆ. ಒಳಗೆ ಮೈಯೆಲ್ಲ ಮಸಿಯಾದ ಒಬ್ಬ ಹುಡುಗಿ, ಕೈಯಲ್ಲಿ ಸಲಾಕೆ ಹಿಡಿದು ನಡುಗುತ್ತಿರುತ್ತಾಳೆ. ಇಡೀ ಸಿನಿಮಾದಲ್ಲಿ ಅವನು ಒಂದು ಗುಂಡನ್ನೂ ಹಾರಿಸುವುದಿಲ್ಲ. ಹೊಡೆದಾಟದ ಸಿನಿಮಾಗಳ ನಡುವೆ ಅಭಿಮಾನಿಗಳು ಎದೆಯುಬ್ಬಿಸಿ ಹೇಳಿಕೊಳ್ಳುವುದು ಅದನ್ನೇ.

ಆ ದೃಶ್ಯ ಬಂದಾಗಲೆಲ್ಲ ತಮ್ಮ ಮಂಚದ ಕೆಳಗೆ ಹೋಗಿ ಕೂರುತ್ತಿದ್ದ. "ಹೊಡೆದ್ನಾ ಅಕ್ಕ?" ಎಂದು ಅಲ್ಲಿಂದಲೇ ಕೇಳುತ್ತಿದ್ದ. "ಹೊಡೆಯಲ್ಲ ಕಣೋ. ನೆನ್ನೇನೂ ಹೊಡೀಲಿಲ್ಲ, ಇವತ್ತೂ ಹೊಡೆಯಲ್ಲ" ಎಂದು ಅವಳು ಹೇಳುತ್ತಿದ್ದಳು.

ಶನಿವಾರ ಬೆಳಿಗ್ಗೆ ಆಟಕ್ಕೆ ಕೂತ ಹತ್ತನೇ ನಿಮಿಷಕ್ಕೆ ಕಾವಲುಗಾರನ ಕೈಗೆ ಮೊದಲ ಬಂದೂಕು ಬಂತು. ಅರ್ಧ ಗಂಟೆಗೆ ಮೂರು ಬಂದೂಕಾದವು. ಕಾರ್ಖಾನೆಯ ಅಂಗಳ ಕಣ್ಣಿಗೆ ಕಟ್ಟಿದ ಹಾಗಿತ್ತು. ಗೇಟಿನ ಪಕ್ಕದ ಹಾಜರಿ ಗಡಿಯಾರ, ಅದರ ಕೆಳಗೆ ಸಾಲಾಗಿ ತೂಗುವ ಚೀಟಿಗಳು, ಎಲ್ಲವೂ ಸಿನಿಮಾದಲ್ಲಿ ಇದ್ದಂತೆಯೇ. ನೋಡಿದಾಗ ಅವಳ ಮೈ ಜುಮ್ಮೆಂದಿತು. ಆದರೆ ಅಂಗಳದ ಮೂಲೆಮೂಲೆಯಿಂದಲೂ ಕಳ್ಳರು ಬರುತ್ತಿದ್ದರು, ಹೊಡೆದಷ್ಟೂ ಬರುತ್ತಿದ್ದರು. ಸಿನಿಮಾದಲ್ಲಿ ಒಟ್ಟು ಒಂಬತ್ತು ಜನ ಕಳ್ಳರು. ಆಟದಲ್ಲಿ ಶನಿವಾರ ಸಂಜೆಯ ಹೊತ್ತಿಗೆ ಅವಳು ಕೊಂದವರ ಸಂಖ್ಯೆ ಇನ್ನೂರ ನಲವತ್ತು ದಾಟಿ, ತೆರೆಯ ಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ಮಿನುಗುತ್ತಿತ್ತು.

ಅಮ್ಮ ಬಟ್ಟೆ ಮಡಚುತ್ತಾ ಹಿಂದಿನಿಂದ ನೋಡುತ್ತಿದ್ದರು. "ಇವನು ನಮ್ಮ ಕಾವಲುಗಾರನೇನೇ? ಇಷ್ಟೊಂದು ಜನರನ್ನ ಯಾಕೆ ಕೊಲ್ತಿದಾನೆ?"

"ಆಟ ಅಂದ್ರೆ ಹಾಗೇ ಇರುತ್ತಮ್ಮ."

"ಚೆನ್ನಾಗಿದೆ ತಾನೆ?"

ಅವಳು ಇನ್ನೊಬ್ಬ ಕಳ್ಳನಿಗೆ ಗುರಿಯಿಟ್ಟಳು. ಅಮ್ಮ ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದರು. "ನೋಡು, ನಿನ್ನ ತಮ್ಮ ಹೇಳ್ಬೇಡ ಅಂದಿದ್ದ, ಆದ್ರೂ ಹೇಳ್ತೀನಿ. ಶುರುವಲ್ಲೇ ಜನ ಒಳ್ಳೆ ಮಾತಾಡಿದ್ರೆ ಮಾತ್ರ ಅವರ ತಂಡನ ಉಳಿಸ್ಕೋತಾರಂತೆ. ಇಲ್ಲ ಅಂದ್ರೆ ಇಪ್ಪತ್ತು ಜನಾನೂ ಮನೆಗೆ. ನಿನ್ನ ಬರಹನ ತುಂಬ ಜನ ಓದ್ತಾರಲ್ಲ? ತಮ್ಮನ ಹೊಟ್ಟೆ ಮೇಲೆ ಹೊಡೀಬೇಡ."

ಹೊಗಳಿ ಬರೆದರೆ ಅರವತ್ತು ಸಾವಿರ ಜನರ ಮುಂದೆ ಸುಳ್ಳು. ಇದ್ದದ್ದು ಬರೆದರೆ ತಮ್ಮನ ಕೆಲಸ. ಅತ್ತ ದರಿ, ಇತ್ತ ಪುಲಿ. ತಮ್ಮ ಆ ದಿನ ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಅವಳು ಸ್ನಾನಕ್ಕೆ ಹೋಗಿದ್ದಾಳೆಂದು ಅಮ್ಮ ಹೇಳಿದರು.

*

ಭಾನುವಾರ ಮಧ್ಯಾಹ್ನ ಬಾಯ್ಲರ್ ಕೋಣೆ ಬಂತು.

ಕೋಣೆಗೆ ಕಾಲಿಟ್ಟ ಕೂಡಲೇ ಅದು ಬೇರೆ ಯಾರದೋ ಕೈಕೆಲಸ ಎಂದು ಅವಳಿಗೆ ಗೊತ್ತಾಯಿತು. ಕೊಳವೆಗಳ ಕೀಲುಗಳಲ್ಲಿ ನೀರು ತೊಟ್ಟಿಕ್ಕುವ ಸದ್ದಿತ್ತು. ಸಂಗೀತ ನಿಂತುಹೋಗಿತ್ತು. ಎದುರಿಗೆ ಅದೇ ಕಬ್ಬಿಣದ ಬಾಗಿಲು, ಅದರಾಚೆ ಅದೇ ಉಸಿರು. ತೆರೆಯ ಮೇಲೆ ಮಾತ್ರ ದಪ್ಪ ಅಕ್ಷರಗಳಲ್ಲಿ ಅಪ್ಪಣೆ ಮೂಡಿತ್ತು: ಗುಂಡು ಹಾರಿಸು.

ಅವಳು ಹಾರಿಸಿದಳು. ಬಾಗಿಲು ಸೀಳಿತು, ಒಳಗಿದ್ದವನು ಬಿದ್ದ. ಮುಖವಿಲ್ಲದ, ಕರಿ ಅಂಗಿಯ ಒಬ್ಬ ಕಳ್ಳ. ಸಂಖ್ಯೆ ಒಂದು ಹೆಚ್ಚಾಯಿತು.

ಅವಳಿಗೆ ಅಳು ಬಂತು. ನಲವತ್ತರ ಹತ್ತಿರದ ಹೆಂಗಸು ಆಟ ಆಡಿ ಅಳುವುದೇ ಎಂದು ನಾಚಿಕೆಯೂ ಆಯಿತು. ಬೇರೆ ಏನಾದರೂ ದಾರಿ ಇರಬಹುದೇ ಎಂದು ಅದೇ ಕೋಣೆಯನ್ನು ಮೊದಲಿನಿಂದ ಶುರು ಮಾಡಿದಳು. ಬಾಗಿಲನ್ನು ತಳ್ಳಿದಳು, ತಟ್ಟಿದಳು, ಗೋಡೆಗಳನ್ನು ತಡವಿದಳು. ಏನೂ ಆಗಲಿಲ್ಲ. ಗುರಿಯಿಟ್ಟು ನಿಂತಿದ್ದಾಗ ಬಚ್ಚಲಿನಿಂದ ಅಮ್ಮ ಕೂಗಿದರು.

"ಏ ಇವಳೇ! ಚಿಲಕ ಸಿಕ್ಕಾಕ್ಕೊಂಡಿದೆ ಕಣೇ! ತೆಗಿಯಕ್ಕೆ ಬರ್ತಿಲ್ಲ!"

ಕಂಟ್ರೋಲರನ್ನು ದಿಂಬಿನ ಮೇಲೆ ಹಾಗೇ ಬಿಟ್ಟು ಅವಳು ಓಡಿದಳು. ಅಮ್ಮನಿಗೆ ಅರವತ್ತೆಂಟು, ರಕ್ತದೊತ್ತಡ ಬೇರೆ.

"ಗಾಬರಿ ಆಗ್ಬೇಡಮ್ಮ. ಕೈ ಒದ್ದೆ ಇದ್ರೆ ಒರೆಸ್ಕೊಂಡು ಮೆಲ್ಲಗೆ ಎಳಿ."

"ಎಳೆದು ಎಳೆದು ಬೆರಳೇ ಕಿತ್ತು ಬರ್ತಿದೆ. ಉಸಿರು ಕಟ್ಟೋ ಹಾಗಾಗ್ತಿದೆ."

"ಒದೀಲಾ?"

"ಬೇಡ ಬೇಡ, ಹೊಸ ಬಾಗಿಲು! ಹೋದ ತಿಂಗಳು ಬಣ್ಣ ಹೊಡೆಸಿದ್ದು!"

ಸತ್ತರೂ ಸರಿ ಬಣ್ಣ ಹೋಗಬಾರದು ಎನ್ನುವ ಅಮ್ಮನ ಮೇಲೆ ಸಿಟ್ಟೂ ನಗುವೂ ಒಟ್ಟಿಗೆ ಬಂತು. ಅವಳು ಕನ್ನಡಕದ ಫ್ರೇಮಿನ ತಿರುಪು ಬಿಗಿಯುವ ಸಣ್ಣ ಸ್ಕ್ರೂಡ್ರೈವರನ್ನು ಚೀಲದಿಂದ ತಂದು, ಸಂದಿಯಲ್ಲಿ ತೂರಿಸಿ, ಚಿಲಕದ ನಾಲಿಗೆಯನ್ನು ಕೂದಲೆಳೆಯಷ್ಟಷ್ಟೇ ಹಿಂದಕ್ಕೆ ಸರಿಸಿದಳು. ಬಾಗಿಲು ತೆರೆದಾಗ ಅಮ್ಮ ಬೆವತು ತೊಯ್ದಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಬೆನ್ನು ಸವರಿ ವಾಪಸು ಬಂದಳು.

ತೆರೆಯ ಮೇಲೆ ಕಾವಲುಗಾರ ಬಗ್ಗಿ ಪಿಸ್ತೂಲನ್ನು ನೆಲಕ್ಕಿಡುತ್ತಿದ್ದ.

ಅವಳು ನಿಂತಲ್ಲೇ ನಿಂತಳು. ಅವಳ ಕೈ ಎಲ್ಲೂ ತಾಗಿರಲಿಲ್ಲ. ಅಪ್ಪಣೆಯ ಅಕ್ಷರಗಳು ಅಳಿಸಿಹೋಗಿದ್ದವು. ಕಾವಲುಗಾರ ಎರಡೂ ಕೈ ಮುಂದೆ ಚಾಚಿ ನಡೆದು ಬಾಗಿಲು ತೆಗೆದ. ಒಳಗೆ, ಸಲಾಕೆ ಹಿಡಿದ, ಮೈಯೆಲ್ಲ ಮಸಿಯಾದ ಹುಡುಗಿ.

ಅವಳು ತಮ್ಮನಿಗೆ ಫೋನ್ ಮಾಡಿದಳು.

"ಸ್ನಾನ ಆಯ್ತಾ?" ಎಂದ ಅವನು, ವ್ಯಂಗ್ಯವಾಗಿ.

"ಬಾಯ್ಲರ್ ಕೋಣೆ ಮಾಡಿದ್ದು ನೀನೇನಾ?"

ಆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು.

"ಸುಮ್ನೆ ನಿಂತಿದ್ರೆ ಬಾಗಿಲು ತೆಗೀತಾನಲ್ಲೋ."

"ಯಾರ್ಯಾರಿಗೆ ಹೇಳ್ದೆ?" ಅವನು ದನಿ ತಗ್ಗಿಸಿದ್ದ.

"ಈಗಷ್ಟೇ ನೋಡ್ದೆ. ಯಾರಿಗೂ ಇಲ್ಲ."

"ಹೇಳ್ಬೇಡ ಅಕ್ಕ. ನಿನ್ನ ದಮ್ಮಯ್ಯ ಅಂತೀನಿ. ನಾನು ಮೊದಲು ಅದನ್ನೇ ಮಾಡಿದ್ದು. ನಮ್ಮ ತಂಡದ ಮೇಡಂ ನೋಡಿ, ನಾಲ್ಕು ನಿಮಿಷ ಏನೂ ಮಾಡ್ದೇ ನಿಂತ್ಕೊಳ್ಳೋ ಆಟನ ಯಾರು ಕೊಂಡ್ಕೋತಾರೆ, ತೆಗೆದುಹಾಕು ಅಂದ್ರು. ತೆಗೆದೆ ಅಂತ ಹೇಳ್ದೆ. ತೆಗೀಲಿಲ್ಲ. ಮೇಲೆ ಇನ್ನೊಂದನ್ನ ಹೊದಿಸಿ ಬಿಟ್ಟೆ. ಯಾರೂ ಅಷ್ಟು ಹೊತ್ತು ಸುಮ್ನಿರಲ್ಲ ಅನ್ಕೊಂಡಿದ್ದೆ."

"ಅಮ್ಮ ಬಚ್ಚಲಲ್ಲಿ ಸಿಕ್ಕಾಕ್ಕೊಂಡಿದ್ರು."

"ಏನು?"

"ಆಮೇಲೆ ಹೇಳ್ತೀನಿ. ತುಂಬ ಚೆನ್ನಾಗಿದೆ ಕಣೋ. ಇಡೀ ಆಟದಲ್ಲಿ ಅದೊಂದೇ ಚೆನ್ನಾಗಿರೋದು."

ಹೇಳಬಾರದ್ದನ್ನು ಹೇಳಿಬಿಟ್ಟೆ ಎಂದು ಬಾಯಿಂದ ಬಿದ್ದ ಮೇಲೆ ತಿಳಿಯಿತು. "ಅದೊಂದೇನಾ?" ಎಂದು ತಮ್ಮ ಮೆಲ್ಲಗೆ ಕೇಳಿ, ಯಾರೋ ಕರೆಯುತ್ತಿದ್ದಾರೆಂದು ಫೋನ್ ಇಟ್ಟ.

ಅಷ್ಟಕ್ಕೇ ಮುಗಿದಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಇದ್ದುಬಿಡಬಹುದಿತ್ತು. ಸಂಜೆ ಐದಕ್ಕೆ ಅವಳು ಆಟ ಮುಂದುವರಿಸಿದಳು. ಹುಡುಗಿ ಕಾವಲುಗಾರನ ಹಿಂದೆ ನಡೆದು ಬಂದಳು. ಎರಡು ಓಣಿ ದಾಟಿದ ಮೇಲೆ ಎತ್ತರದ ಜಾಲರಿ ಗೇಟು. ಅಲ್ಲಿ ಬರೆದಿತ್ತು: ಹನ್ನೆರಡರಲ್ಲಿ ಹನ್ನೊಂದು. ಬಾಯ್ಲರ್ ವಿಭಾಗದಲ್ಲಿ ಹನ್ನೆರಡು ಜನ ಕಳ್ಳರು ಸತ್ತರೆ ಮಾತ್ರ ಗೇಟು ತೆರೆಯುವುದು. ಅವಳು ಹನ್ನೊಂದು ಜನರನ್ನು ಕೊಂದಿದ್ದಳು. ಹನ್ನೆರಡನೆಯವನು ಇರಬೇಕಾದ ಜಾಗದಲ್ಲಿ ಹುಡುಗಿಯಿದ್ದಳು.

ಹಿಂದಕ್ಕೆ ಹೋಗುವ ದಾರಿ ಮುಚ್ಚಿತ್ತು. ಅವಳು ಒಂದು ಗಂಟೆ ಅಲ್ಲೇ ಸುತ್ತಿದಳು. ಎರಡನೇ ಸೈರನ್ ಕೂಗುತ್ತಲೇ ಇತ್ತು, ಗೇಟು ಮುಚ್ಚಿಯೇ ಇತ್ತು. ಕೊನೆಗೆ ಅದರ ಫೋಟೋ ತೆಗೆದು ತಮ್ಮನಿಗೆ ಕಳಿಸಿದಳು.

ಉತ್ತರ ಬಂದದ್ದು ಮರುದಿನ ಬೆಳಿಗ್ಗೆ. "ಗೇಟಿನ ಲೆಕ್ಕ ಇನ್ನೊಬ್ಬರದ್ದು. ನಂಗೆ ಹೊಳೆದೇ ಇರ್ಲಿಲ್ಲ" ಎಂದಷ್ಟೇ ಇತ್ತು.

*

ಸೋಮವಾರ, ಮಂಗಳವಾರ ಅವಳಿಗೆ ಹೇಗೆ ಕಳೆದವೋ ಗೊತ್ತಿಲ್ಲ. ಬಾಯ್ಲರ್ ಕೋಣೆಯನ್ನು ಮತ್ತೆ ಶುರುಮಾಡಿ, ಈ ಸಲ ಬಾಗಿಲಿಗೆ ಗುಂಡು ಹಾರಿಸಿ, ಆಟವನ್ನು ಕೊನೆಯವರೆಗೆ ಆಡಿ ಮುಗಿಸಿದಳು. ಗುಂಡು ಹಾರಿಸಿದವರಿಗೆ ಆಟ ಸಲೀಸಾಗಿ ಮುಂದೆ ಹೋಗುತ್ತದೆ. ಕರುಣೆ ತೋರಿಸಿದವರು ಮಾತ್ರ ಗೇಟಿನ ಮುಂದೆ ಶಾಶ್ವತವಾಗಿ ಸಿಕ್ಕಿಬೀಳುತ್ತಾರೆ. ಸಾವಿರ ಜನ ಹಾಗೆ ಸಿಕ್ಕಿಬಿದ್ದು ಬೈದರೆ, ಇದು ಯಾರ ಕೆಲಸ ಎಂದು ಕಂಪನಿ ಹುಡುಕದೆ ಇರುತ್ತದೆಯೇ? ತಮ್ಮನೊಬ್ಬನಿಂದ ಇಪ್ಪತ್ತು ಜನರ ತಲೆದಂಡ. ಅವನು ತಾನಾಗಿ ಹೋಗಿ ಹೇಳಬೇಕು. ಗುರುವಾರದೊಳಗೆ ಹೇಳಬೇಕು.

"ಹೇಳ್ದೆಯಾ?" ಎಂದು ಅವಳು ಸೋಮವಾರ ಕೇಳಿದಳು.

"ಮೇಡಂ ಇವತ್ತು ಮೀಟಿಂಗಲ್ಲಿದಾರೆ."

ಮಂಗಳವಾರ ಕೇಳಿದಾಗ, "ನಾಳೆ ಹೇಳ್ತೀನಿ. ನೀನು ನನ್ನ ಅಕ್ಕ ಅಂತಾನೂ ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಆಟದ ಗುಟ್ಟು ನಿಂಗೆ ನಾನೇ ಹೇಳ್ದೆ ಅನ್ಕೋತಾರೆ" ಎಂದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡ. ನೀನು ನಂಗೇನೂ ಹೇಳಿಲ್ಲ."

"ನಂಬ್ತಾರಾ?"

ಮಂಗಳವಾರ ಮಧ್ಯಾಹ್ನ ಒಬ್ಬ ಮೇಷ್ಟ್ರು ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯ ಮೆಟ್ಟಿಲಿಳಿಯಲು ಹೋಗಿ ಮುಗ್ಗರಿಸಿದರು. ಮಾಲೀಕರು ಕನ್ನಡಕವನ್ನು ಹಿಂದಿನ ಕೋಣೆಗೆ ತಂದು ಅವಳ ಮುಂದಿಟ್ಟರು. ಎಡಗಣ್ಣಿನ ಲೆನ್ಸನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಹಾಕಿದ್ದಳು. ಹದಿನಾರು ವರ್ಷದಲ್ಲಿ ಮೊದಲ ಸಲ.

"ಮನೇಲೇನಾದ್ರೂ ತೊಂದರೆನಾ?" ಎಂದು ಮಾಲೀಕರು ಕೇಳಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಬುಧವಾರ ಹನ್ನೊಂದಕ್ಕೆ ತಮ್ಮನಿಂದ ಸಂದೇಶ ಬಂತು: "ಹೋಗ್ತಿದೀನಿ." ಆಮೇಲೆ ಏನೂ ಇಲ್ಲ. ಹನ್ನೆರಡಾಯಿತು, ಒಂದಾಯಿತು. ಊಟದ ಡಬ್ಬಿಯ ಮುಚ್ಚಳ ತೆಗೆದು ಹಾಗೇ ಮುಚ್ಚಿದಳು. ಮೂರಕ್ಕೆ ಅಮ್ಮ ಫೋನ್ ಮಾಡಿ, "ಅವನ್ಯಾಕೆ ನನ್ನ ಫೋನ್ ಎತ್ತುತ್ತಿಲ್ಲ? ಏನಾಗಿದೆ ಹೇಳು" ಎಂದರು. ಏನೂ ಇಲ್ಲವೆಂದಳು. ಉಜ್ಜುವ ಯಂತ್ರದ ನೀರು ಖಾಲಿಯಾದದ್ದು ಸುಟ್ಟ ವಾಸನೆ ಬಂದಾಗಲೇ ಅವಳಿಗೆ ತಿಳಿದದ್ದು.

ಆರು ಗಂಟೆಗೆ, ಬಸ್ಸಿಗೆ ನಿಂತಿದ್ದಾಗ, ಅವನೇ ಫೋನ್ ಮಾಡಿದ.

"ಎಲ್ಲ ಹೇಳ್ದೆ. ನೀನು ಅಕ್ಕ ಅನ್ನೋದನ್ನೂ."

"ಏನಂದ್ರು?"

"ಕುರ್ಚಿ ಎಳ್ಕೊಂಡು ಕೂತ್ರು. ಆ ಕೋಣೆ ಹಾಕು ಅಂದ್ರು. ಕೈಕಟ್ಕೊಂಡು ನಾಲ್ಕು ನಿಮಿಷಾನೂ ನೋಡಿದ್ರು ಅಕ್ಕ. ತಂಡದೋರೆಲ್ಲ ಹಿಂದೆ ನಿಂತಿದ್ರು, ಒಬ್ರೂ ಕೆಮ್ಮಲಿಲ್ಲ. ಬಾಗಿಲು ತೆಗೀತು, ಹುಡುಗಿ ಬಂದ್ಲು. ಆಗ ಎದ್ದು, 'ಈಗ ಇದನ್ನ ಕಿತ್ರೆ ಇನ್ನೇನು ಬೀಳುತ್ತೋ ಯಾರಿಗ್ಗೊತ್ತು. ಗೇಟಿನ ಲೆಕ್ಕ ಸರಿಮಾಡು. ಸುಳ್ಳು ಹೇಳಿದ್ದಕ್ಕೆ ನಿನ್ನ ಹತ್ರ ಆಮೇಲೆ ಮಾತಾಡ್ತೀನಿ' ಅಂದ್ರು."

"ಸರಿ ಆಯ್ತಾ?"

"ಆಗ್ತಿದೆ. ಶುಕ್ರವಾರ ಆಟ ಹಾಕಿದ ಕೂಡ್ಲೇ ಅಪ್ಡೇಟ್ ಬರುತ್ತೆ. ಆದ್ರೆ ನಂಗೆ ಎಚ್ಚರಿಕೆ ಪತ್ರ ಕೊಡ್ತಾರೆ. ಮುಂದಿನ ಆಟದಲ್ಲಿ ನಾನಿರಲ್ಲ. ನೀನು ಏನು ಬರೀತೀಯ ಅಂತ ಕೇಳಿದ್ರು. ನಂಗೆ ಗೊತ್ತಿಲ್ಲ ಅಂದೆ. ಏನು ಬರೀತೀಯ?"

ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

"ಇದ್ದದ್ದು ಬರೀತೀನಿ" ಎಂದಳು. ಅವನು "ಹೂಂ" ಎಂದ.

*

ಗುರುವಾರ ಅರ್ಧ ದಿನ ರಜೆ ಹಾಕಿ ಬರೆದಳು. ಮೊದಲ ಸಾಲು ಹೀಗಿತ್ತು: 'ಈ ಆಟ ಮಾಡಿದವರಲ್ಲಿ ಒಬ್ಬ ನನ್ನ ಒಡಹುಟ್ಟಿದ ತಮ್ಮ. ಇದನ್ನು ತಿಳಿದುಕೊಂಡೇ ಮುಂದೆ ಓದಿ.' ಅದನ್ನು ಮೂರು ಸಲ ಅಳಿಸಿ ಮೂರು ಸಲ ಬರೆದಿದ್ದಳು.

ಉಳಿದದ್ದು ಬೇಗ ಬಂತು. 'ಅಂಗಳವನ್ನು ನೋಡಿ ನನಗೆ ಬಾಲ್ಯ ನೆನಪಾಯಿತು. ಹಾಜರಿ ಗಡಿಯಾರದ ಮುಳ್ಳು ಕೂಡ ಸಿನಿಮಾದ ಸಮಯವನ್ನೇ ತೋರಿಸುತ್ತದೆ. ಅಷ್ಟು ಪ್ರೀತಿಯಿಂದ ಮಾಡಿದ ಅಂಗಳದಲ್ಲಿ ನನ್ನಿಂದ ಹೆಣಗಳನ್ನು ಯಾಕೆ ಬೀಳಿಸಿದಿರಿ? ನಾನು ಮುನ್ನೂರ ಹನ್ನೆರಡು ಜನರನ್ನು ಕೊಂದೆ. ನಮ್ಮ ಕಾವಲುಗಾರ ಒಬ್ಬನನ್ನೂ ಕೊಂದವನಲ್ಲ. ಅವನ ಅಂಗಿ ಇದೆ, ಕನ್ನಡಕ ಇದೆ, ನಡಿಗೆ ಇದೆ, ಅವನಿಲ್ಲ. ಗುರಿಯಿಡುವುದು ಕಷ್ಟವಲ್ಲ, ಓಡುವುದು ಚೆನ್ನಾಗಿದೆ, ಸಮಯ ಹೋದದ್ದು ತಿಳಿಯುವುದಿಲ್ಲ. ಬೇರೆ ಹೆಸರಿಟ್ಟಿದ್ದರೆ ಇದನ್ನು ಸಾಧಾರಣ ಆಟ ಎನ್ನುತ್ತಿದ್ದೆ. ಈ ಹೆಸರಿಟ್ಟದ್ದರಿಂದ ನನಗೆ ನೋವಾಯಿತು.'

ಬಾಗಿಲಿನ ವಿಷಯ ಬರೆಯಬೇಕೇ ಬೇಡವೇ ಎಂದು ತುಂಬ ಹೊತ್ತು ಕೂತಳು. ಬರೆದರೆ ತಮ್ಮನನ್ನು ಎತ್ತಿ ಹಿಡಿದಂತಾಗುತ್ತದೆ. ಬರೆಯದಿದ್ದರೆ ಆಟಕ್ಕೆ ಅನ್ಯಾಯ. ಕೊನೆಯಲ್ಲಿ ಒಂದೇ ಸಾಲು ಸೇರಿಸಿದಳು: 'ಬಾಯ್ಲರ್ ಕೋಣೆಯಲ್ಲಿ ಅವಸರ ಮಾಡಬೇಡಿ.'

ನಾಲ್ಕು ಗಂಟೆಗೆ ಗುಂಡಿ ಒತ್ತಿ, ಫೋನನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಬಂದಳು. ಅಮ್ಮ ಓದಿಸಿ ಕೇಳಿದರು. ಕೇಳಿ ಮುಗಿದ ಮೇಲೆ ಎದ್ದು ಚಹಾಕ್ಕಿಟ್ಟರು. ಎರಡು ಲೋಟ ನೀರು ಅಳೆದು ಹಾಕಿದರು. ಸದ್ಯ ತನಗೂ ಇದೆಯಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಸಂಜೆಯೊಳಗೆ ಸಾವಿರಾರು ಉತ್ತರಗಳು ಬಂದಿದ್ದವು. ಇಷ್ಟು ದಿನ ತಮ್ಮನ ವಿಷಯ ಮುಚ್ಚಿಟ್ಟು ಈಗ ಹೇಳುತ್ತೀಯಾ ಎಂದು ಒಬ್ಬರು. ತಮ್ಮನ ಮೇಲೆ ಹೊಟ್ಟೆಕಿಚ್ಚು ಎಂದು ಇನ್ನೊಬ್ಬರು. ಬೈದ ಹಾಗೆ ಮಾಡಿ ಕೊನೆಗೆ ಮಾರಾಟಕ್ಕೆ ಗಾಳ ಹಾಕಿದ್ದಾಳೆ ಎಂದು ಮತ್ತೊಬ್ಬರು. ಅವಳನ್ನು ಅಕ್ಕ ಎಂದು ಕರೆಯುವುದನ್ನು ಕೆಲವರು ಅವತ್ತೇ ಬಿಟ್ಟರು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ತಮ್ಮನಿಂದ ಬಂದದ್ದು ಎರಡೇ ಪದ: "ಓದಿದೆ, ಅಕ್ಕ."

ಶನಿವಾರ ಮಧ್ಯಾಹ್ನ ಯಾರೋ ಒಬ್ಬರು ಬಾಯ್ಲರ್ ಕೋಣೆಯಲ್ಲಿ ಕಾದರು. ಬಾಗಿಲು ತೆರೆಯಿತು, ಗೇಟೂ ತೆರೆಯಿತು. ಭಾನುವಾರದ ಹೊತ್ತಿಗೆ ಗುಂಪಿನಲ್ಲೆಲ್ಲ ಅದೇ ಮಾತು. ಅವಳು ಒಂದೊಂದನ್ನೂ ಓದಿದಳು, ಎಲ್ಲಿ ಯಾರು ಸಿಕ್ಕಿಬಿದ್ದೆ ಎಂದು ಬರೆದುಬಿಡುತ್ತಾರೋ ಎನ್ನುವ ಹೆದರಿಕೆಯಲ್ಲಿ. ಯಾರೂ ಬರೆಯಲಿಲ್ಲ.

ತಮ್ಮ ಹನ್ನೆರಡು ದಿನ ಫೋನ್ ಮಾಡಲಿಲ್ಲ. ಇವಳೂ ಮಾಡಲಿಲ್ಲ. ಅಮ್ಮ ಇಬ್ಬರ ನಡುವೆ ಅಂಚೆಯವರ ಹಾಗೆ ಸುದ್ದಿ ಸಾಗಿಸಿದರು: ಅವನಿಗೆ ಶೀತವಾಗಿದೆಯಂತೆ, ಆಟ ಅಷ್ಟಕ್ಕಷ್ಟೇ ಹೋಗುತ್ತಿದೆಯಂತೆ, ತಂಡವನ್ನು ಒಡೆಯುತ್ತಾರಂತೆ. ಕೊನೆಯದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅವನು ಹೇಳದೆ ಕೇಳದೆ ಬಂದ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ನೋಡಿಯೇ ಅವಳಿಗೆ ಅರ್ಥವಾಯಿತು.

"ಇಪ್ಪತ್ತರಲ್ಲಿ ಒಂಬತ್ತು ಜನ ಉಳಿದ್ರು" ಎಂದ ಬೂಟು ಬಿಚ್ಚುತ್ತಾ. "ನಾನು ಹನ್ನೊಂದರಲ್ಲಿ."

"ನಾನು ಬರೆದಿದ್ದಕ್ಕಾ?"

"ನಾನೂ ಮೊದಲು ಹಾಗೇ ಅನ್ಕೊಂಡೆ. ನಾಲ್ಕು ದಿನ ನಿನ್ನ ಮೇಲೆ ಕೆಂಡಾಮಂಡಲ ಆಗಿದ್ದೆ." ಅವನು ಎರಡನೇ ಬೂಟನ್ನು ಕೈಯಲ್ಲೇ ಹಿಡಿದುಕೊಂಡ. "ಮೇಡಂನ ನೇರವಾಗಿ ಕೇಳ್ದೆ. ನಿನ್ನಕ್ಕ ಅಷ್ಟು ದೊಡ್ಡ ಮನುಷ್ಯಳೇನಲ್ಲ ಅಂದ್ರು. ಸಾಧಾರಣ ಆಟನ ಸಾಧಾರಣ ಅಂತ ಎಲ್ಲರೂ ಬರೆದ್ರು, ಆಕೆ ಮಾತ್ರ ಅತ್ಕೊಂಡು ಬರೆದ್ಲು ಅಂದ್ರು."

ಅವಳಿಗೆ ನಗಬೇಕೋ ಅವಮಾನ ಪಡಬೇಕೋ ತಿಳಿಯಲಿಲ್ಲ.

"ಹೋಗೋವಾಗ ಒಂದು ಲೆಕ್ಕ ತೋರಿಸಿದ್ರು. ಆಡಿದೋರಲ್ಲಿ ನೂರಕ್ಕೆ ಏಳು ಜನ ಅಲ್ಲಿ ಗುಂಡು ಹಾರಿಸಿಲ್ಲ."

"ಏಳೇನಾ?" ಎಂದರು ಅಮ್ಮ ಅಡುಗೆಮನೆಯಿಂದ, ಮಗನಿಗೆ ಅಂಕ ಕಡಿಮೆ ಕೊಟ್ಟರೆನ್ನುವ ದನಿಯಲ್ಲಿ.

"ಅಮ್ಮ, ಏಳು ಅಂದ್ರೆ ಹತ್ತೊಂಬತ್ತು ಸಾವಿರ ಜನ."

ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಹತ್ತೊಂಬತ್ತು ಸಾವಿರವೆಂದರೆ ಎಷ್ಟೆಂದು ಯೋಚಿಸುವವರಂತೆ ನಿಂತು, "ನೀನು ಸೊರಗಿದೀಯ. ಕೈಕಾಲು ತೊಳ್ಕೊಂಡು ಬಾ" ಎಂದರು.

ಊಟದ ನಡುವೆ ಅವನು ಹೊಸ ಕೆಲಸದ ಮಾತೆತ್ತಿದ. ರೈಲು ಓಡಿಸುವವರಿಗೆ ತರಬೇತಿ ಕೊಡುವ ಯಂತ್ರಕ್ಕೆ ಹಳಿ, ನಿಲ್ದಾಣ, ಮಂಜು, ಸಿಗ್ನಲ್ ಎಲ್ಲವನ್ನೂ ತೆರೆಯ ಮೇಲೆ ಕಟ್ಟುವ ಒಂದು ಸಂಸ್ಥೆ. ಸೋಮವಾರ ಸಂದರ್ಶನ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆ ಎಚ್ಚರಿಕೆ ಪತ್ರದ ವಿಷಯ ಕೇಳಿದರೆ ಏನು ಹೇಳಬೇಕೆಂದೇ ಅವನಿಗೆ ಚಿಂತೆ.

"ಇದ್ದದ್ದು ಹೇಳು" ಎಂದು ಹೇಳಲು ಅವಳು ಬಾಯಿ ತೆರೆದಳು. ಅವನು ಕೈ ಎತ್ತಿ ತಡೆದ.

"ಗೊತ್ತು ಬಿಡು. ಹೇಳ್ಬೇಡ. ಮೊದಲು ಪ್ರಶ್ನೆ ಕೇಳು, ನಾನು ಉತ್ತರ ಹೇಳಿ ನೋಡ್ತೀನಿ. ಮೇಡಂ ಹಾಗೆ ಮುಖ ಮಾಡ್ಕೊಂಡು ಕೇಳ್ಬೇಕು."

ಅವಳು ತಟ್ಟೆ ಸರಿಸಿ, ಕೈಕಟ್ಟಿ, ಹುಬ್ಬು ಗಂಟಿಕ್ಕಿ ಕೂತಳು. ಮೊದಲ ಪ್ರಶ್ನೆ ಕೇಳಿದಳು. ಅವನು ತಡವರಿಸಿದ. ಇನ್ನೊಮ್ಮೆ ಕೇಳಿದಳು.